ಕೊಂಬಿನ ಜಾಗದಲ್ಲಿ ಹಾರ್ಮೋನಿಯಂ

೧೯೮೪ನೇ ಇಸವಿ, ಜನವರಿ ಎಂಟು, ಭಾನುವಾರ, ಬೆಳಿಗ್ಗೆ ಎಂಟೂವರೆ. ಸ್ಥಳ, ಪೀಣ್ಯದ ಹತ್ತಿರ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಮುಂದಿನ ಕೋಣೆ. ಹಾಜರಿದ್ದವನು ನಾನು, ಅಡುಗೆಮನೆಯಲ್ಲಿ ನನ್ನ ಹೆಂಡತಿ. ಸ್ನಾನ, ತಿಂಡಿ, ಪೇಪರು ಮುಗಿದಿದ್ದವು. ಹೊಸ ರೆಕಾರ್ಡನ್ನು ಪ್ಲೇಯರಿನ ಮೇಲಿಟ್ಟು ಮುಳ್ಳು ಇಳಿಸಿದೆ.

ಎರಡನೇ ಹಾಡು ಅರ್ಧ ಆಗುವ ಹೊತ್ತಿಗೆ ನನ್ನ ಕಿವಿ ಹೋಗಿದೆ ಅನ್ನಿಸಿತು.

ಇದು ಯಾರಿಗಾದರೂ ಕೆಟ್ಟ ಸುದ್ದಿಯೇ. ನನಗೆ ಇನ್ನೂ ಕೆಟ್ಟದ್ದು, ಏಕೆಂದರೆ ನಾನು ಅನ್ನ ಸಂಪಾದಿಸುತ್ತಿದ್ದದ್ದು ಕಿವಿಯಿಂದ. ಕಾರ್ಖಾನೆಯಲ್ಲಿ ನಾನು ಶಬ್ದಪರೀಕ್ಷೆಯ ಕೊಠಡಿಯ ಇನ್‌ಸ್ಪೆಕ್ಟರ್. ಗೇರ್‌ಬಾಕ್ಸುಗಳು ಜೋಡಣೆಯಾದ ಮೇಲೆ ನನ್ನ ಹತ್ತಿರ ಬರುತ್ತಿದ್ದವು. ಅವನ್ನು ಓಡಿಸಿ, ಉದ್ದನೆಯ ಉಕ್ಕಿನ ಕಡ್ಡಿಯ ಒಂದು ತುದಿಯನ್ನು ಅವುಗಳ ಮೈಗೆ ಒತ್ತಿ, ಇನ್ನೊಂದು ತುದಿಯ ಮರದ ಗುಂಡನ್ನು ಕಿವಿಗೆ ಆನಿಸಿ ಕೇಳಬೇಕು. ಮೀಟರ್ ಇತ್ತು, ಆದರೆ ಅದು ಎಷ್ಟು ಶಬ್ದ ಎಂದು ಹೇಳುತ್ತಿತ್ತೇ ಹೊರತು ಯಾತರ ಶಬ್ದ ಎಂದು ಹೇಳುತ್ತಿರಲಿಲ್ಲ. ಹಲ್ಲು ಒರಟಾಗಿದೆಯೋ, ಬೇರಿಂಗ್ ಓರೆಯಾಗಿ ಕೂತಿದೆಯೋ, ಒಳಗೆ ಕಬ್ಬಿಣದ ಚೂರು ಉಳಿದಿದೆಯೋ, ಕಿವಿಯೇ ಹೇಳಬೇಕು. ನಾನು ಸರಿ ಎಂದರೆ ಗೇರ್‌ಬಾಕ್ಸ್ ಬಣ್ಣ ಹೊಡೆಯುವಲ್ಲಿಗೆ ಹೋಗುತ್ತಿತ್ತು. ಇಲ್ಲ ಎಂದರೆ ಬಿಚ್ಚುತ್ತಿದ್ದರು. ಮ್ಯಾನೇಜರು ಕೂಡ ಎದುರು ಮಾತಾಡುತ್ತಿರಲಿಲ್ಲ. ಕಿವಿ ಮಂದವಾದವನಿಗೆ ಅಲ್ಲಿ ಜಾಗವಿಲ್ಲ. ಸ್ಟೋರ್ಸಿನಲ್ಲೋ ಟೈಂ ಆಫೀಸಿನಲ್ಲೋ ಒಂದು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಹಾಗೆ ಕೂತವರನ್ನು ನಾನು ನೋಡಿದ್ದೆ. ಅವರು ಬೆಳಿಗ್ಗೆಯಿಂದಲೇ ಸಂಜೆಯ ಸೈರನ್ನಿಗೆ ಕಾಯುತ್ತಿದ್ದರು.

ಈ ಕೆಲಸ ಮತ್ತು ಈ ಹಾಡುಗಳು ಎರಡೂ ನನಗೆ ಸಿಕ್ಕಿದ್ದು ಒಂದೇ ಊರಿನಲ್ಲಿ. ಅರವತ್ತರ ದಶಕದಲ್ಲಿ ಕಾರ್ಖಾನೆಯವರು ನಮ್ಮಲ್ಲಿ ಕೆಲವರನ್ನು ತರಬೇತಿಗೆಂದು ಪಶ್ಚಿಮ ಜರ್ಮನಿಗೆ ಕಳಿಸಿದ್ದರು. ಅಲ್ಲಿಯ ಫೋರ್‌ಮನ್ ಎರಡು ನಿಯಮ ಕಲಿಸಿದ. ಏನಾದರೂ ಸರಿಯಿಲ್ಲ ಅನ್ನಿಸಿದರೆ ಮೊದಲು ಅಳತೆಯ ಸಾಧನವನ್ನು ಅನುಮಾನಿಸು, ಆಮೇಲೆ ಅಳೆಯುವವನನ್ನು, ಕಡೆಗೆ ವಸ್ತುವನ್ನು. ಎರಡನೆಯದು, ಅನುಮಾನದ ಗೇರ್‌ಬಾಕ್ಸನ್ನು ಯಾವಾಗಲೂ ಇಬ್ಬರು ಕೇಳಬೇಕು. ನಾನು ಇವೆರಡನ್ನೂ ತಂದು ಇಲ್ಲಿ ಜಾರಿ ಮಾಡಿದೆ.

ಅಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ವಯಸ್ಸಾದ ವಿಧವೆ. ಭಾನುವಾರ ಚರ್ಚಿನಿಂದ ಬಂದವಳೇ ಒಂದು ರೆಕಾರ್ಡ್ ಹಾಕುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗಿನ ಒಂದು ದಿನವನ್ನು ಕುರಿತ ಹಾಡುಗಳ ಮಾಲೆ ಅದು. ಹಾಡುವವಳು ಒಬ್ಬಳೇ, ಹಿಂದೆ ದೊಡ್ಡ ವಾದ್ಯಮೇಳ. ಮೊದಲ ತಿಂಗಳು ನನಗೆ ಅದೊಂದು ಗದ್ದಲ. ಬೇಯಿಸಿದ ಆಲೂಗೆಡ್ಡೆ ತಿನ್ನುತ್ತಾ ಕಿಟಕಿಯಾಚೆಯ ಹಿಮ ನೋಡುತ್ತಾ ಕೇಳುತ್ತಾ ಹೋದ ಹಾಗೆ, ಯಾವಾಗಲೋ ಒಂದು ಭಾನುವಾರ ಅದಿಲ್ಲದೆ ಆಗುವುದಿಲ್ಲ ಅನ್ನಿಸಿತು. ಒಮ್ಮೆ ಆಕೆ ನನ್ನನ್ನು ಆ ಊರಿನ ಸಭಾಂಗಣಕ್ಕೆ ಕರೆದೊಯ್ದು ಅದೇ ಹಾಡುಗಳನ್ನು ಎದುರಿಗೇ ಕೇಳಿಸಿದಳು. ವೇದಿಕೆಯ ಮೇಲೆ ಒಂದು ಮದುವೆಮನೆಯಷ್ಟು ಜನ ಕೂತು ನುಡಿಸುತ್ತಿದ್ದರು. ವಾಪಸು ಬರುವಾಗ ಆ ರೆಕಾರ್ಡನ್ನು ಕೊಂಡು ತಂದೆ. ಅಂದಿನಿಂದ ಪ್ರತಿ ಭಾನುವಾರ ಎಂಟೂವರೆಗೆ ಅದನ್ನು ಕೇಳುವುದು ನನ್ನ ಪದ್ಧತಿ.

ಹಿಂದಿನ ಬೇಸಿಗೆಯಲ್ಲಿ ಮನೆಗೆ ಸುಣ್ಣ ಹೊಡೆಸುವಾಗ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹಾಕಿದ್ದೆವು. ಬಿಸಿಲಿಗೆ ರೆಕಾರ್ಡು ಹಪ್ಪಳದ ಹಾಗೆ ಬಾಗಿಹೋಯಿತು. ಜರ್ಮನಿಯ ಮನೆಯೊಡತಿಗೆ ನವೆಂಬರಿನಲ್ಲೇ ಬರೆದ ಕ್ರಿಸ್‌ಮಸ್ ಕಾಗದದಲ್ಲಿ ಅದನ್ನು ತಿಳಿಸಿದ್ದೆ. ಆಕೆ ಅದೇ ಹಾಡುಗಳ ಹೊಸ ರೆಕಾರ್ಡೊಂದನ್ನು, ಯಂತ್ರ ಕೂರಿಸಲು ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಎಂಜಿನಿಯರಿನ ಕೈಯಲ್ಲಿ ಕಳಿಸಿದಳು. ಅವನ ಪೆಟ್ಟಿಗೆಯಲ್ಲಿ ಯಾವುದೋ ಸೀಸೆ ಒಡೆದು ಹೊರಗಿನ ರಟ್ಟು ನೆನೆದಿತ್ತು. ಅದನ್ನು ಎಸೆದು ಒಳಗಿನ ಕಾಗದದ ಚೀಲದಲ್ಲೇ ತಂದುಕೊಟ್ಟ. ಮಧ್ಯದ ಲೇಬಲ್ಲಿನಲ್ಲಿ ಹಾಡುಗಳ ಹೆಸರು, ಹಾಡಿದಾಕೆಯ ಹೆಸರು, ಯಾವುದೋ ಒಂದು ಮೇಳದ ಹೆಸರು ಇದ್ದವು. ಮೇಳದಲ್ಲಿ ಎಷ್ಟು ಜನ ಎಂದು ಲೇಬಲ್ಲು ಹೇಳುವುದಿಲ್ಲ. ರೆಕಾರ್ಡ್ ನನ್ನ ಕೈಸೇರಿದ್ದು ಗುರುವಾರ. ಭಾನುವಾರದವರೆಗೆ ಕಪಾಟಿನಲ್ಲಿಟ್ಟಿದ್ದೆ.

ಈಗ ಮುಳ್ಳು ಇಳಿಸಿದ ಮೇಲೆ ಆದದ್ದು ಇಷ್ಟು. ಹಾಡುವವಳ ದನಿ ಸ್ಪಷ್ಟವಾಗಿತ್ತು. ಹಿಂದಿನವಳಿಗಿಂತ ಹತ್ತಿರ ನಿಂತು ಹಾಡಿದಂತಿತ್ತು, ಉಸಿರು ತೆಗೆದುಕೊಳ್ಳುವುದು ಕೂಡ ಕೇಳುತ್ತಿತ್ತು. ಆದರೆ ಅವಳ ಹಿಂದೆ ಯಾರೂ ಇಲ್ಲ. ಗಾಳಿಗೆ ರಾಗಿ ಹೊಲ ಬಾಗುವಂತೆ ಒಟ್ಟಿಗೆ ಏಳುತ್ತಿದ್ದ ಪಿಟೀಲುಗಳ ಜಾಗದಲ್ಲಿ ಒಂದೇ ಒಂದು ಪಿಟೀಲು. ಎರಡನೇ ಹಾಡಿನ ಮೊದಲಿಗೆ ಹಿತ್ತಾಳೆಯ ಕೊಂಬುಗಳು ಮೊಳಗಬೇಕು. ಆ ಊರಿನ ಸಭಾಂಗಣದಲ್ಲಿ ಅವು ಎದ್ದಾಗ ನನ್ನ ಕುರ್ಚಿಯ ಕೈ ನಡುಗಿತ್ತು. ಆ ಜಾಗ ಬಂತು. ನಾನು ಕುರ್ಚಿಯ ಕೈ ಹಿಡಿದುಕೊಂಡು ಕೂತೆ. ಕೊಂಬು ಬರಲಿಲ್ಲ.

ಬಂದದ್ದು ಹಾರ್ಮೋನಿಯಂ.

ಜರ್ಮನಿಯ ಹಾಡಿನಲ್ಲಿ ಹಾರ್ಮೋನಿಯಂ ಎಲ್ಲಿಂದ ಬರಬೇಕು? ಪಕ್ಕದ ಕ್ವಾರ್ಟರ್ಸಿನವರು ಶನಿವಾರ ಭಜನೆ ಮಾಡುತ್ತಿದ್ದರು. ಇವತ್ತೂ ಇಟ್ಟುಕೊಂಡಿರಬಹುದು ಎಂದು ಎದ್ದು ಕಿಟಕಿ ತೆರೆದು ನೋಡಿದೆ. ಆತ ಲುಂಗಿ ಕಟ್ಟಿಕೊಂಡು ಸ್ಕೂಟರ್ ಒರೆಸುತ್ತಿದ್ದ. ಹಾರ್ಮೋನಿಯಂ ನಿಲ್ಲಲಿಲ್ಲ. ಇರಬೇಕಾದದ್ದು ಕೇಳುತ್ತಿಲ್ಲ, ಇರಬಾರದ್ದು ಕೇಳುತ್ತಿದೆ. ಕಿವಿ ಕೆಡುವಾಗ ಕೆಲವರಿಗೆ ಇಲ್ಲದ ಶಬ್ದ ಮೊರೆಯುತ್ತದೆ ಎಂದು ಕೇಳಿದ್ದೆ. ಮುಳ್ಳು ಎತ್ತಿದೆ.

ನಿಯಮದ ಪ್ರಕಾರ ಮೊದಲು ಸಾಧನ. ಮುಳ್ಳನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ, ಒರೆಸಿ ಹಾಕಿದೆ. ತಿರುಗುವ ವೇಗ ನೋಡಿದೆ, ಸರಿಯಿತ್ತು. ಎರಡು ಸ್ಪೀಕರುಗಳಲ್ಲಿ ಒಂದು ಸತ್ತಿದ್ದರೆ ಅರ್ಧ ಮೇಳ ಮಾಯವಾಗುತ್ತದೆ ಎಂದು ಹೊಳೆದು, ವೈರುಗಳನ್ನು ಅದಲುಬದಲು ಮಾಡಿದೆ. ಎರಡೂ ಬದುಕಿದ್ದವು. ಹೆಂಡತಿಯ ದೇವರನಾಮದ ರೆಕಾರ್ಡ್ ಹಾಕಿದೆ. ದನಿ, ತಂಬೂರಿ, ಮೃದಂಗ ಎಲ್ಲ ನೆಟ್ಟಗೆ ಬಂದವು. ಅದರಿಂದ ಏನೂ ತೀರ್ಮಾನವಾಗಲಿಲ್ಲ, ಅದರಲ್ಲಿ ಕೊಂಬುಗಳೇ ಇಲ್ಲವಲ್ಲ. ಕಾರ್ಖಾನೆಯಲ್ಲಾದರೆ ಹೋಲಿಸಿ ನೋಡಲು ಮಾಸ್ಟರ್ ಗೇರ್‌ಬಾಕ್ಸ್ ಒಂದಿರುತ್ತಿತ್ತು. ಇಲ್ಲಿದ್ದ ಮಾಸ್ಟರ್ ರೆಕಾರ್ಡು ಬಿಸಿಲಿಗೆ ಬಾಗಿ ಗುಜರಿಗೆ ಹೋಗಿತ್ತು.

ಸಾಧನ ಸರಿ. ಉಳಿದವನು ಅಳೆಯುವವನು. ಎಡಗಿವಿ ಮುಚ್ಚಿಕೊಂಡು ಗಡಿಯಾರದ ಹತ್ತಿರ ನಿಂತೆ, ಬಲಗಿವಿ ಮುಚ್ಚಿಕೊಂಡು ನಿಂತೆ. ಟಿಕ್ ಟಿಕ್ ಕೇಳುತ್ತಿತ್ತು. ಕುಕ್ಕರಿನ ಸೀಟಿ ಕೇಳುತ್ತಿತ್ತು. ಕೇಳಿಸುತ್ತಿದ್ದದ್ದನ್ನೆಲ್ಲ ಪಟ್ಟಿ ಮಾಡಬಹುದಿತ್ತು. ಕೇಳಿಸದೆ ಹೋಗುತ್ತಿರುವುದು ಯಾವುದು ಎಂದು ಹೇಗೆ ತಿಳಿಯಬೇಕು?

ಆ ಹೊತ್ತಿಗೆ ಗೇಟಿನ ಸದ್ದಾಯಿತು. ಬಂದವನು ನನ್ನ ಕೊಠಡಿಯ ಫಿಟ್ಟರ್, ಮಾದನಾಯಕನಹಳ್ಳಿಯವನು. ಅನುಮಾನದ ಗೇರ್‌ಬಾಕ್ಸುಗಳನ್ನು ನಾನು ಕೇಳಿದ ಮೇಲೆ ಕೇಳುತ್ತಿದ್ದ ಎರಡನೇ ಕಿವಿ ಅವನದೇ. ನನ್ನ ನಂತರ ಆ ಕೊಠಡಿ ಅವನಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ನಡುವಯಸ್ಸು, ತುಂಬು ಮೀಸೆ. ಊರಿನ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿಯುವ ಪಾತ್ರ ಅವನಿಗೆ ಬಿಟ್ಟು ಬೇರೆಯವರಿಗೆ ಹೋಗುತ್ತಿರಲಿಲ್ಲ. ಪ್ರತಿ ಸಂಕ್ರಾಂತಿಯ ಮುಂಚೆ ತನ್ನ ಹೊಲದ ಸೊಗಡಿನ ಅವರೆಕಾಯಿ ಒಂದು ಚೀಲ ತಂದುಕೊಡುವುದು ಅವನ ವಾಡಿಕೆ.

ಒಳಗೆ ಕರೆದು ಕೂರಿಸಿ, ಒಂದು ಕೆಲಸವಿದೆ ಎಂದೆ.

"ಬಾನ್ವಾರಾನೂ ಕೆಲ್ಸಾನಾ ಸಾರ್? ಓಟಿ ಬರೀತೀರಾ?" ಎಂದು ನಗುತ್ತಾ ಕೂತ.

ನಾನು ನಗಲಿಲ್ಲ. ಕೊಠಡಿಯಲ್ಲಿ ಮಾಡುವಂತೆಯೇ ಮಾಡಿದೆ. ಇದು ಇಂಥ ಹಾಡು, ಇದರ ಮೊದಲಿಗೆ ಕೊಂಬುಗಳು ಮೊಳಗುತ್ತವೆ, ಅವುಗಳ ಹಿಂದೆ ಸಭೆ ತುಂಬ ಪಿಟೀಲುಗಳಿರುತ್ತವೆ, ಗಮನವಿಟ್ಟು ಕೇಳು ಎಂದು ವಿವರಿಸಿ ಮುಳ್ಳು ಇಳಿಸಿದೆ. ಹಾರ್ಮೋನಿಯಂ ವಿಷಯ ಮಾತ್ರ ಹೇಳಲಿಲ್ಲ. ಅದು ನನ್ನ ತಲೆಯೊಳಗಿನದು ಎಂದುಕೊಂಡಿದ್ದೆ, ಹೇಳಲು ನಾಚಿಕೆಯಾಯಿತು. ಅವನು ಕಣ್ಣು ಮುಚ್ಚಿ, ಕುರ್ಚಿಯ ಅಂಚಿಗೆ ಕೂತು, ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳಿದ.

"ಕೇಳ್ತಾ?"

"ಕೇಳ್ತು ಸಾರ್."

"ಕೊಂಬು?"

"ಔದು ಸಾರ್, ಕೊಂಬು."

"ಪಿಟೀಲು ಎಷ್ಟಿದೆ ಅನ್ನಿಸ್ತು?"

ಅವನು ನನ್ನ ಮುಖ ನೋಡಿದ. "ಬೇಜಾನ್ ಅವೆ ಸಾರ್."

ಅಲ್ಲಿಗೆ ನನ್ನ ಮಟ್ಟಿಗೆ ಪರೀಕ್ಷೆ ಮುಗಿಯಿತು. ಪ್ಲೇಯರ್ ಆರಿಸಿ, ನಾಳೆ ಬೆಳಿಗ್ಗೆ ಕಾರ್ಖಾನೆಯ ಡಾಕ್ಟರ ಹತ್ತಿರ ಹೋಗುತ್ತೇನೆ, ಮ್ಯಾನೇಜರಿಗೂ ಹೇಳುತ್ತೇನೆ, ಇನ್ನು ಕಡ್ಡಿ ನೀನೇ ಹಿಡಿ ಎಂದೆ. ಕೊಂಬು ನನಗೆ ಕೇಳಲಿಲ್ಲ, ಪಿಟೀಲು ಒಂದೇ ಕೇಳಿತು ಎಂದೂ ಹೇಳಿದೆ. ಅವನ ಮೀಸೆಯ ಕೆಳಗಿನ ನಗೆ ಮಾಯವಾಯಿತು. "ಅಂಗೆಲ್ಲಾ ಅನ್ಬ್ಯಾಡಿ ಸಾರ್" ಎಂದು ಎರಡು ಸಲ ಅಂದ. ನನ್ನ ಹೆಂಡತಿಯ ಕೈಗೆ ಅವರೆಕಾಯಿ ಚೀಲ ಕೊಟ್ಟು, ಕಾಫಿ ಕುಡಿಯದೆ ಹೊರಟುಹೋದ. ಹುದ್ದೆ ಸಿಕ್ಕ ಸಂತೋಷವನ್ನು ನನ್ನೆದುರು ತೋರಿಸಬಾರದೆಂದು ಹೀಗೆ ಮಾಡುತ್ತಿದ್ದಾನೆ ಎಂದು ನಾನು ಲೆಕ್ಕ ಹಾಕಿದೆ.

ಹೆಂಡತಿಗೆ ಇನ್ನೂ ಏನೂ ಹೇಳಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅವಳು ಹಜಾರದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯಲು ಕೂತಳು. ನಾನೂ ಎದುರಿಗೆ ಕೂತು ಸುಲಿದೆ. ಸುಮ್ಮನೆ ಕೂರುವುದು ನನ್ನಿಂದಾಗದು. ಅವಳೇ ಮಾತು ತೆಗೆದಳು.

"ಬೆಳಿಗ್ಗೆ ಹಾಕಿದ್ರಲ್ಲ, ಅದರಲ್ಲಿ ಹಾರ್ಮೋನಿಯಂ ಚೆನ್ನಾಗಿತ್ತು ಕಣ್ರೀ. ನಿಮ್ಮ ಹಳೇದಕ್ಕಿಂತ ಇದೇ ವಾಸಿ. ಅದು ಹಾಕಿದ್ರೆ ಬೀದಿಲಿ ಮೆರವಣಿಗೆ ಬಂದಂಗಿರ್ತಿತ್ತು."

ಹಾರ್ಮೋನಿಯಂ ನಿನಗೂ ಕೇಳಿಸಿತೇ ಎಂದು ಕೇಳಿದೆ.

"ಕೇಳ್ದೆ ಏನು? ನಾನೇನು ಕಿವುಡೀನಾ?"

ಕೊಂಬು ಕೇಳಿಸಿತೇ ಎಂದೆ. ಯಾವ ಕೊಂಬು ಎಂದಳು. ಎಷ್ಟು ಪಿಟೀಲು ಎಂದೆ. ಒಂದೇ ಅಲ್ಲವೇ ಎಂದಳು. ಬೇಕಿದ್ದರೆ ಇನ್ನೊಂದು ಇರಬಹುದು, ಕುಕ್ಕರ್ ಕೂಗುವಾಗ ಸರಿಯಾಗಿ ಕೇಳಲಿಲ್ಲ ಎಂದು ಸೇರಿಸಿದಳು.

ಇದರಿಂದ ನನ್ನ ತಲೆ ತಿಳಿಯಾಗಬೇಕಿತ್ತು. ಆಗಲಿಲ್ಲ, ಇನ್ನೂ ಕದಡಿತು. ಹಾರ್ಮೋನಿಯಂ ನಿಜವಾಗಿ ಇದೆ ಎಂದಾಯಿತು. ಹಾಗಾದರೆ ಕೊಂಬು? ಅವಳಿಗೂ ಕೊಂಬಿಲ್ಲ, ನನಗೂ ಇಲ್ಲ. ಆದರೆ ವರ್ಷಗಟ್ಟಲೆ ನನ್ನ ಜೊತೆ ಗೇರ್‌ಬಾಕ್ಸ್ ಕೇಳಿದವನಿಗೆ ಕೊಂಬೂ ಇದೆ, ಪಿಟೀಲೂ ಬೇಜಾನ್ ಇವೆ. ಮೂವರಲ್ಲಿ ಪಳಗಿದ ಕಿವಿ ಅವನದು. ನನ್ನದರ ಮೇಲೆ ಆ ಬೆಳಿಗ್ಗೆಯಿಂದ ನಂಬಿಕೆ ಹೋಗಿತ್ತು. ಹೆಂಡತಿ ಚಿಕ್ಕಂದಿನಲ್ಲಿ ಸಂಗೀತ ಕಲಿತವಳು, ಆದರೆ ಅಡುಗೆಮನೆಯಿಂದ ಕೇಳಿದ್ದು. ಒಂದೇ ಮನೆಯ ಇಬ್ಬರಿಗೆ ಒಂದೇ ದಿನ ಕಿವಿ ಹೋಗುತ್ತದೆಯೇ? ನೀರಿನಿಂದ ಬರುವ ಕಾಯಿಲೆಗಳನ್ನೆಲ್ಲ ನೆನಪು ಮಾಡಿಕೊಂಡೆ. ಇವತ್ತು ನಗು ಬರುತ್ತದೆ. ಆವತ್ತು ಗಂಭೀರವಾಗಿಯೇ ಯೋಚಿಸಿದೆ.

ದೀಪ ಹಚ್ಚುವ ಹೊತ್ತಿಗೆ ಗೇಟಿನ ಬಳಿ ಆ ಫಿಟ್ಟರ್ ನಿಂತಿದ್ದ. ತುಮಕೂರು ರಸ್ತೆಯಲ್ಲಿ ಬಸ್ಸಿಳಿದು ನಡೆದುಬಂದಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ.

"ಸಾರ್, ಬೆಳಿಗ್ಗೆ ನಾನು ಸುಳ್ಳೇಳ್ದೆ."

ಯಾವುದು ಸುಳ್ಳು ಎಂದೆ.

"ಕೊಂಬು. ಪಿಟೀಲು. ನೀವು ಮೊದ್ಲೇ ಇಂಗಿಂಗೆ ಇರ್ತದೆ ಅಂದ್ರಲ್ಲ ಸಾರ್. ನೀವೇಳಿದ್ಮೇಲೆ ಇರ್ಲೇಬೇಕು, ನಂಗೆ ಇಂಗ್ಲೀಸ್ ಆಡು ಗೊತ್ತಿಲ್ದೇ ಕೇಳಿಸ್ತಿಲ್ಲ ಅಂದ್ಕಂಡೆ. ಔದು ಅಂದ್ಬಿಟ್ಟೆ." ಉಸಿರು ತೆಗೆದುಕೊಂಡು ಮುಂದುವರಿಸಿದ. "ನಂಗೆ ಕೇಳ್ಸಿದ್ದು ಒಂದು ಆರ್ಮೋನಿಯಂ, ಒಂದು ಪಿಟೀಲು, ಒಂದೆರಡು ಪೀಪಿ, ಆ ಯಮ್ಮ. ಅಷ್ಟೆ. ಅದಕ್ಕೋಸ್ಕರ ನೀವು ರೂಮು ಬಿಡೋದಾದ್ರೆ ಆ ಕಡ್ಡಿ ನಂಗೆ ಬ್ಯಾಡ."

ಹೆಂಡತಿ ಅಡುಗೆಮನೆಯಿಂದ ಬಂದು, "ಒಳಗ್ ಬಾಪ್ಪಾ, ಬೆಳಿಗ್ಗೇನೂ ಕಾಫಿ ಬಿಟ್ಟು ಹೋದೆ" ಎಂದು ಅವನನ್ನು ಕೂರಿಸಿದಳು. ಈ ಸಲ ನಾನು ಏನೂ ಹೇಳದೆ ಮುಳ್ಳು ಇಳಿಸಿದೆ. ಮೂವರೂ ಕೂತು, ಒಂದು ಮಗ್ಗುಲು ಪೂರ್ತಿ ಮುಗಿಯುವವರೆಗೆ ಬಾಯಿ ಬಿಡದೆ ಕೇಳಿದೆವು. ಆಮೇಲೆ ಒಬ್ಬೊಬ್ಬರಾಗಿ ಹೇಳಿದೆವು. ಒಂದು ಪೀಪಿಯ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ಬಂತು. ಉಳಿದಂತೆ ಮೂವರಿಗೂ ಕೇಳಿದ್ದು ಒಂದೇ ಮೇಳ: ನಮ್ಮ ಹಜಾರದಲ್ಲಿ ಜಮಖಾನೆ ಹಾಸಿ ಕೂರಿಸಬಹುದಾದಷ್ಟು ಜನ.

ಹಾರ್ಮೋನಿಯಂ ಮೂಲತಃ ಆ ಕಡೆಯದೇ ವಾದ್ಯ ಎಂದು ಆಮೇಲೆ ತಿಳಿಯಿತು. ಯಾರೋ ಬೇಕೆಂದೇ ಆ ದೊಡ್ಡ ಮೇಳವನ್ನು ಇಷ್ಟಕ್ಕೆ ಇಳಿಸಿ, ಕೊಂಬುಗಳ ಪಾಲನ್ನು ಅದಕ್ಕೆ ಕೊಟ್ಟಿದ್ದರು. ಇದು ನನಗೆ ಹೊಳೆದೇ ಇರಲಿಲ್ಲ. ನಕ್ಷೆಯಲ್ಲಿ ಇರುವುದಕ್ಕಿಂತ ಕಡಿಮೆ ಇದ್ದರೆ ಅದು ದೋಷ. ನನ್ನ ಕೊಠಡಿಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಅವರಿಬ್ಬರಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. ರಾಮನವಮಿಯ ಚಪ್ಪರದಲ್ಲಿ ವೇದಿಕೆ ತುಂಬ ಪಕ್ಕವಾದ್ಯ ಇಟ್ಟುಕೊಂಡು ಹಾಡಿದ್ದನ್ನೇ, ನಮ್ಮ ಸೋದರತ್ತೆಯ ಮನೆಯಲ್ಲಿ ಬರೀ ಪಿಟೀಲು ಮೃದಂಗದ ಜೊತೆ ಹಾಡುವುದಿಲ್ಲವೇ ಎಂದಳು ಹೆಂಡತಿ. ಅವನು, ನಮ್ಮೂರಲ್ಲಿ ಚಂದಾ ಚೆನ್ನಾಗಿ ಎದ್ದ ವರ್ಷ ನಾಟಕಕ್ಕೆ ಸಿಟಿಯಿಂದ ವಾದ್ಯದವರ ಪೂರ್ತಿ ಸೆಟ್ಟು ಬರುತ್ತದೆ, ಏಳದ ವರ್ಷ ಹಾರ್ಮೋನಿಯಂ ಮೇಷ್ಟ್ರೇ ಎಲ್ಲ ನುಡಿಸುತ್ತಾರೆ, ಯುದ್ಧ ಎಂದೂ ನಿಂತಿಲ್ಲ ಎಂದ. ಇಬ್ಬರೂ ಹೇಳಿದ್ದು ಸರಿಯೇ. ಆದರೂ ಅಷ್ಟು ಜನರನ್ನು ಕಳಿಸಿಬಿಟ್ಟ ಮೇಲೂ ಅದು ಅದೇ ಹಾಡು ಹೇಗೆ ಎಂಬುದು ನನಗೆ ಪೂರ್ತಿ ಬಗೆಹರಿಯಲಿಲ್ಲ. ಪಿಟೀಲು ಒಂಟಿಯಾಗಿ ಬಂದಾಗಲೆಲ್ಲ ಅದರ ಹಿಂದೆ ಉಳಿದವನ್ನು ನಾನೇ ಕೇಳಿಸಿಕೊಳ್ಳುತ್ತಿದ್ದೆ. ಅದು ಕಿವಿಯ ಕೆಲಸವೋ ನೆನಪಿನದೋ ಹೇಳಲಾರೆ.

ಕಿವಿ ಹೋಗಿಲ್ಲ ಎಂಬ ಸಮಾಧಾನ ಒಂದು ಲೋಟ ಕಾಫಿ ಮುಗಿಯುವವರೆಗೆ ಇತ್ತು. ಅಷ್ಟರಲ್ಲಿ ಬೇರೊಂದು ಯೋಚನೆ ಬಂತು. ಬೆಳಿಗ್ಗೆ ನಾನು ಕೊಠಡಿಯಲ್ಲಿ ಮಾಡುವಂತೆಯೇ ಮಾಡಿದ್ದೆ ಎಂದೆನಲ್ಲ. ಅಲ್ಲಿಯೂ ಹಾಗೇ: ನಾನು ಮೊದಲು ಕೇಳಿ, ಬೇರಿಂಗ್ ಅಥವಾ ಹಲ್ಲು ಎಂದು ಹೇಳಿ, ಆಮೇಲೆ ಅವನ ಕೈಗೆ ಕಡ್ಡಿ ಕೊಡುತ್ತಿದ್ದೆ. ಅವನು ಕೇಳಿ ಔದು ಸಾರ್ ಎನ್ನುತ್ತಿದ್ದ. ಇಬ್ಬರೂ ಸಹಿ ಹಾಕುತ್ತಿದ್ದೆವು.

ಲೋಟ ಕೆಳಗಿಟ್ಟು ಕೇಳಿದೆ. "ಟೆಸ್ಟ್ ರೂಮಲ್ಲೂ ಹೀಗೇನಾ?"

ಅವನು ತನ್ನ ಲೋಟವನ್ನೂ ಕೆಳಗಿಟ್ಟ.

"ಎಲ್ಲಾ ಸಲ ಇಲ್ಲ ಸಾರ್."

ಎಷ್ಟು ಸಲ ಎಂದು ನಾನು ಕೇಳಲಿಲ್ಲ, ಅವನಿಗೂ ಗೊತ್ತಿರಲಾರದು. ಇಷ್ಟು ವರ್ಷ ಇಬ್ಬರ ಕಿವಿಯೂ ಕೇಳಿ ಕಳಿಸಿದ್ದು ಎಂದುಕೊಂಡ ಗೇರ್‌ಬಾಕ್ಸುಗಳಲ್ಲಿ ಹಲವನ್ನು ಒಂದೇ ಕಿವಿ ಕೇಳಿ ಕಳಿಸಿತ್ತು, ಆ ಕಿವಿಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಬೆಳಿಗ್ಗೆ ಇಲ್ಲದ ಕಾರಣಕ್ಕೆ ನನ್ನ ಕಿವಿಯನ್ನು ಅನುಮಾನಿಸಿದ್ದೆ. ಈಗ ಕಾರಣ ಹೋಗಿತ್ತು, ಅನುಮಾನ ಉಳಿದಿತ್ತು. ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ಮೇಲಿನವರು ಹೇಳಿದ್ದನ್ನು ಇಲ್ಲ ಎನ್ನಬಾರದು ಎಂದು ನಾವೆಲ್ಲ ಶಾಲೆಯಲ್ಲೇ ಕಲಿತು ಬಂದವರು. ನಾನು ಜರ್ಮನಿಯ ಫೋರ್‌ಮನ್ನಿಗೆ ಎಷ್ಟು ಸಲ ಹೌದು ಎಂದಿದ್ದೆನೋ.

"ನಾಳೆ ಎಂಗ್ ಸಾರ್? ನೀವು ಬಿಡ್ತೀರಾ?" ಎಂದ.

"ಬಿಡಲ್ಲ. ಆದ್ರೆ ಕಡ್ಡಿ ಮೊದ್ಲು ನೀನು ಹಿಡೀಬೇಕು. ನೀನು ಏನು ಅಂತ ಹೇಳೋವರ್ಗೂ ನಾನು ಮುಟ್ಟಲ್ಲ, ಬಾಯೂ ಬಿಡಲ್ಲ."

"ನಾನೇಳಿದ್ದು ತಪ್ಪಾದ್ರೆ?"

"ತಪ್ಪು ಅಂತ ನಾನು ಹೇಳ್ತೀನಿ. ನನ್ನದು ತಪ್ಪಾದ್ರೆ ನೀನು ಹೇಳು."

"ಅದೇ ಕಷ್ಟ ಸಾರ್," ಎಂದ ಅವನು. ಹೆಂಡತಿ ನಕ್ಕಳು. "ನಾನು ದಿನಾ ಹೇಳ್ತೀನಪ್ಪ, ಏನೂ ಆಗಲ್ಲ" ಎಂದಳು.

ಡಾಕ್ಟರ ಹತ್ತಿರ ಹೋಗುವುದನ್ನು ನಾನು ಬಿಡಲಿಲ್ಲ. ಮಾರನೇ ದಿನ ಊಟದ ವಿರಾಮದಲ್ಲಿ ಹೋದೆ. ಎಡಗಿವಿ ಸಣ್ಣ ದನಿಗಳಲ್ಲಿ ಸ್ವಲ್ಪ ಹಿಂದೆ ಬಿದ್ದಿತ್ತು, ಬಲಗಿವಿ ನೆಟ್ಟಗಿತ್ತು. ಬಲಗಿವಿಯಿಂದ, ಎರಡನೆಯವನಾಗಿ, ನಿವೃತ್ತಿಯವರೆಗೆ ಅದೇ ಕೊಠಡಿಯಲ್ಲಿ ಕೆಲಸ ಮಾಡಿದೆ. ಅವನು ಮೊದಮೊದಲು ಹೇಳುವ ಮುಂಚೆ ನನ್ನ ಮುಖ ನೋಡುತ್ತಿದ್ದ. ನಾನು ಗೋಡೆಯ ಕಡೆ ತಿರುಗಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ.

ಆ ಭಾನುವಾರ ಅವನನ್ನು ರಸ್ತೆಯವರೆಗೆ ಬಿಟ್ಟು, ಬಸ್ಸು ಹತ್ತಿಸಿ, ಮನೆಗೆ ಬಂದೆ. ಸೋಮವಾರದ ಬಿಳಿ ಶರಟಿಗೆ ಇಸ್ತ್ರಿ ಹಾಕಿ, ಶೂ ಪಾಲಿಶ್ ಮಾಡಿ ಬಾಗಿಲ ಪಕ್ಕ ಇಟ್ಟೆ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.